ವೇಬ್ರಿಡ್ಜ್ ಸಾಫ್ಟ್‌ವೇರ್ ಹ್ಯಾಂಗ್ ಆಗುವುದು ಎಲ್ಲಿ

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಭತ್ತದ ಸುಗ್ಗಿ ಶುರುವಾದರೆ ರೈಸ್ ಮಿಲ್‌ಗಳ ಮುಂದೆ ಲಾರಿ, ಟ್ರ್ಯಾಕ್ಟರ್‌ಗಳ ಸಾಲು ನಿಲ್ಲುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಸೀಮೆ ಇದು. ಪ್ರತಿ ಗಾಡಿಯೂ ಎರಡು ಸಲ ಕಾಟಾ, ಅಂದರೆ ಗಾಡಿ ತೂಗುವ ವೇಬ್ರಿಡ್ಜ್, ಹತ್ತಬೇಕು. ಮಾಲು ತುಂಬಿದಾಗ ಒಮ್ಮೆ, ಇಳಿಸಿದ ಮೇಲೆ ಒಮ್ಮೆ. ಮೊದಲನೆಯದು ಗ್ರಾಸ್, ಎರಡನೆಯದು ಟೇರ್, ಕಳೆದರೆ ನೆಟ್. ರೈತನ ದುಡ್ಡು ನಿಂತಿರುವುದು ಆ ನೆಟ್ ಮೇಲೆ. ಕಾಟಾ ರೂಮಿನ ಕಂಪ್ಯೂಟರಿನಲ್ಲಿ ಓಡುವ ಸಾಫ್ಟ್‌ವೇರ್ ಬರೆಯುವುದು, ಬೇರೆಯವರು ಬರೆದ ಹಳೆಯದನ್ನು ರಿಪೇರಿ ಮಾಡುವುದು ನನ್ನ ಕೆಲಸ. ಭಾಷೆ ಸಿ ಶಾರ್ಪ್, ಪರದೆ ಕಟ್ಟಲು ಮೈಕ್ರೋಸಾಫ್ಟ್‌ನ ವಿಂಡೋಸ್ ಫಾರ್ಮ್ಸ್ ಲೈಬ್ರರಿ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಇದನ್ನು ಹಳೇ ಕಾಲದ್ದು ಅನ್ನುತ್ತಾರೆ. ಆದರೆ ಸೀರಿಯಲ್ ಕೇಬಲ್‌ನಿಂದ ತೂಕ ಓದಿ, ಇಂಟರ್‌ನೆಟ್ ಇರಲಿ ಬಿಡಲಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಚೀಟಿ ತೆಗೆದುಕೊಡಲು ಇದಕ್ಕಿಂತ ಗಟ್ಟಿ ದಾರಿ ನನಗೆ ಕಂಡಿಲ್ಲ.

ಸುಗ್ಗಿ ಸಮಯದಲ್ಲಿ ನನಗೆ ಬರುವ ಫೋನ್‌ಗಳಲ್ಲಿ ಜಾಸ್ತಿ ಒಂದೇ ಮಾತು: "ಸರ್, ಮತ್ತ ಹ್ಯಾಂಗ್ ಆಗೇತ್ರಿ. ಹೊರಗ ಗಾಡಿ ನಿಂತಾವು." ಹ್ಯಾಂಗ್ ಆಯಿತು ಅಂದರೆ ಕಂಪ್ಯೂಟರ್ ಸ್ಲೋ ಇದೆ, ರ್‍ಯಾಮ್ ಸಾಲದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಮಿಲ್ ಮಾಲೀಕರು ಹೊಸ ಕಂಪ್ಯೂಟರ್ ತರಿಸಿದ್ದೂ ಇದೆ. ಹೊಸದರಲ್ಲೂ ಅದೇ ಗೋಳು. ಇದು ಕಂಪ್ಯೂಟರಿನ ವೇಗದ ಪ್ರಶ್ನೆಯೇ ಅಲ್ಲ. ಯಾವ ಕೆಲಸವನ್ನು ಯಾವ ಥ್ರೆಡ್ ಮಾಡಬೇಕು ಅನ್ನುವ ಪ್ರಶ್ನೆ. ಥ್ರೆಡ್ ಅಂದರೆ ಪ್ರೋಗ್ರಾಂ ಒಳಗೆ ಒಂದಾದ ಮೇಲೊಂದು ಸಾಲು ಕೋಡ್ ನಡೆಸುತ್ತಾ ಹೋಗುವ ಒಬ್ಬ ಕೆಲಸಗಾರ ಅಂದುಕೊಳ್ಳಿ, ಒಂದೇ ಪ್ರೋಗ್ರಾಂನಲ್ಲಿ ಇಂಥವರು ಹಲವರಿರಬಹುದು. ಅದನ್ನು ಈ ಬರಹದಲ್ಲಿ ಬಿಡಿಸಿ ಹೇಳಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ವಿಂಡೋಸ್‌ನಲ್ಲಿ ಒಂದು ವಿಂಡೋವನ್ನು ಯಾವ ಥ್ರೆಡ್ ಹುಟ್ಟಿಸಿತೋ ಆ ವಿಂಡೋ ಅದೇ ಥ್ರೆಡ್‌ನ ಸ್ವತ್ತು. ಆ ಥ್ರೆಡ್ ದಿನವಿಡೀ ಮಾಡುವುದು ಒಂದೇ ಕೆಲಸ: ತನ್ನ ಸಾಲಿನಿಂದ ಒಂದು ಮೆಸೇಜ್ ತೆಗೆದುಕೊಳ್ಳುವುದು, ಅದಕ್ಕೆ ಸಂಬಂಧಪಟ್ಟ ಕೋಡ್ ನಡೆಸುವುದು, ಮತ್ತೆ ಮುಂದಿನದಕ್ಕೆ ಹೋಗುವುದು. ಮೌಸ್ ಒತ್ತಿದ್ದು ಒಂದು ಮೆಸೇಜ್. ಕೀಲಿ ಒತ್ತಿದ್ದು ಒಂದು. ವಿಂಡೋವನ್ನು ಮತ್ತೆ ಬಿಡಿಸು ಅನ್ನುವುದೂ ಒಂದು ಮೆಸೇಜ್. ನೀವು 'ಸೇವ್' ಬಟನ್‌ಗೆ ಬರೆದ ಕೋಡ್ ಹತ್ತು ಸೆಕೆಂಡ್ ತೆಗೆದುಕೊಂಡರೆ ಆ ಹತ್ತು ಸೆಕೆಂಡೂ ಸಾಲು ಮುಂದಕ್ಕೆ ಹೋಗುವುದಿಲ್ಲ. ವಿಂಡೋ ಬಿಡಿಸುವವರಿಲ್ಲ, ಕ್ಲಿಕ್ ಕೇಳುವವರಿಲ್ಲ. 5 ಸೆಕೆಂಡ್ ಕಾದು ನೋಡಿದ ವಿಂಡೋಸ್, ಈ ಪ್ರೋಗ್ರಾಂ ಉತ್ತರ ಕೊಡುತ್ತಿಲ್ಲ ಅಂತ ತೀರ್ಮಾನಿಸುತ್ತದೆ. ನಿಜವಾದ ವಿಂಡೋವನ್ನು ಮರೆಮಾಡಿ ಅದರ ಜಾಗದಲ್ಲಿ ಅದರದೇ ನಕಲನ್ನು ನಿಲ್ಲಿಸುತ್ತದೆ. ತಲೆಬರಹದಲ್ಲಿ 'ನಾಟ್ ರೆಸ್ಪಾಂಡಿಂಗ್' ಅಂತ ಬರುತ್ತದೆ. ಪರದೆ ಬೆಳ್ಳಗಾಗುತ್ತದೆ. ಆಪರೇಟರ್ ಟಾಸ್ಕ್ ಮ್ಯಾನೇಜರ್ ತೆಗೆದು 'ಎಂಡ್ ಟಾಸ್ಕ್' ಒತ್ತುತ್ತಾನೆ. ಅಲ್ಲಿಗೆ ಅರ್ಧ ಸೇವ್ ಆದ ಚೀಟಿ ಹಾಗೇ ಹೋಯಿತು.

ಹಾಗಾದರೆ ಪರದೆಯನ್ನು ಎಲ್ಲ ಥ್ರೆಡ್‌ಗಳೂ ಮುಟ್ಟುವ ಹಾಗೆ ಯಾಕೆ ಮಾಡಲಿಲ್ಲ? ಇದು ಒಳ್ಳೆಯ ಪ್ರಶ್ನೆ, ತುಂಬ ಜನ ಕೇಳುತ್ತಾರೆ. ಮಾಡಲು ಹೋಗಿದ್ದಾರೆ. ಜಾವಾದ ಮೊದಲ ಪರದೆ ಲೈಬ್ರರಿ ಎಡಬ್ಲ್ಯುಟಿಯನ್ನು ಯಾವ ಥ್ರೆಡ್ ಬೇಕಾದರೂ ಬಳಸುವಂತೆ ಮಾಡುವ ಉದ್ದೇಶವಿತ್ತು. ಅದು ಕೈಗೂಡಲಿಲ್ಲ. ಸನ್ ಕಂಪನಿಯ ಗ್ರಹಾಂ ಹ್ಯಾಮಿಲ್ಟನ್ ಅದರ ಕಾರಣವನ್ನು 2004ರಲ್ಲಿ ಚೆನ್ನಾಗಿ ವಿವರಿಸಿದ್ದರು. ನಮ್ಮ ಕೋಡ್ ಮೇಲಿನಿಂದ ಕೆಳಗೆ ಹೋಗುತ್ತದೆ: ಫಾರ್ಮ್‌ನಿಂದ (ಅಂದರೆ ನಮ್ಮ ವಿಂಡೋದಿಂದ) ಬಟನ್‌ಗೆ, ಬಟನ್‌ನಿಂದ ಆಪರೇಟಿಂಗ್ ಸಿಸ್ಟಂಗೆ. ಮೌಸ್, ಕೀಬೋರ್ಡ್ ಸುದ್ದಿ ಕೆಳಗಿನಿಂದ ಮೇಲೆ ಬರುತ್ತದೆ. ಎರಡೂ ಕಡೆಯವರು ದಾರಿಯಲ್ಲಿ ಸಿಕ್ಕಿದ್ದಕ್ಕೆಲ್ಲ, ತಾವು ಬಿಡುವವರೆಗೆ ಬೇರೆ ಥ್ರೆಡ್ ಮುಟ್ಟದಂತೆ, ಲಾಕ್ ಹಾಕಿಕೊಂಡು ಹೊರಟರೆ ನಡುವೆ ಎದುರಾದಾಗ ಒಬ್ಬರ ಬೀಗ ಇನ್ನೊಬ್ಬರ ಕೈಯಲ್ಲಿರುತ್ತದೆ. ಇಬ್ಬರೂ ಅಲ್ಲೇ ನಿಲ್ಲುತ್ತಾರೆ. ಅದಕ್ಕೇ ಸ್ವಿಂಗ್, ಕ್ಯೂಟಿ, ಆಪಲ್‌ನ ಕೊಕೊ, ನಮ್ಮ ವಿಂಡೋಸ್ ಫಾರ್ಮ್ಸ್, ಡಬ್ಲ್ಯುಪಿಎಫ್, ಈ ಪರದೆ ಲೈಬ್ರರಿಗಳೆಲ್ಲವೂ ಕೊನೆಗೆ ಒಂದೇ ನಿಯಮಕ್ಕೆ ಬಂದವು. ಪರದೆಗೆ ಒಡೆಯ ಒಬ್ಬನೇ. ಬೇರೆ ಥ್ರೆಡ್‌ಗಳು ಅವನಿಗೆ ಸುದ್ದಿ ಮುಟ್ಟಿಸಬಹುದು, ಕೈ ಹಾಕುವಂತಿಲ್ಲ.

ಕಾಟಾ ವಿಷಯಕ್ಕೆ ಬರುತ್ತೇನೆ. ಪ್ಲಾಟ್‌ಫಾರ್ಮ್ ಕೆಳಗೆ ಭಾರವನ್ನು ವಿದ್ಯುತ್ ಸಂಕೇತ ಮಾಡುವ ಲೋಡ್ ಸೆಲ್‌ಗಳಿರುತ್ತವೆ. ಅವುಗಳ ವೈರ್ ಕಾಟಾ ರೂಮಿನ ಇಂಡಿಕೇಟರ್‌ಗೆ ಬರುತ್ತದೆ. ಇಂಡಿಕೇಟರ್ ಕೆಂಪು ಅಂಕಿಯಲ್ಲಿ ತೂಕ ತೋರಿಸುತ್ತದೆ, ಜೊತೆಗೆ ಸೀರಿಯಲ್ ಕೇಬಲ್‌ನಲ್ಲಿ ಅದನ್ನೇ ಕಂಪ್ಯೂಟರಿಗೆ ಬಿಡದೆ ಕಳಿಸುತ್ತಲೇ ಇರುತ್ತದೆ. 9600 ಬಾಡ್ ಅಂದರೆ ಸೆಕೆಂಡಿಗೆ 9600 ಬಿಟ್; ಒಂದು ಅಕ್ಷರಕ್ಕೆ ಶುರುವಿನ ಬಿಟ್, ಕೊನೆಯ ಬಿಟ್ ಸೇರಿ 10 ಬಿಟ್, ಹಾಗಾಗಿ ಸೆಕೆಂಡಿಗೆ 960 ಅಕ್ಷರ. ಒಂದು ರೀಡಿಂಗ್ 16 ಅಕ್ಷರದ್ದಾದರೆ ಸೆಕೆಂಡಿಗೆ 60 ರೀಡಿಂಗ್. ಸಿ ಶಾರ್ಪ್ ಪ್ರೋಗ್ರಾಂಗಳು ಓಡುವ ವೇದಿಕೆ ಡಾಟ್‌ನೆಟ್‌ನ 2.0 ಬಂದಾಗ, ಅಂದರೆ 2005ರಲ್ಲಿ, ಮೈಕ್ರೋಸಾಫ್ಟ್ ಸೀರಿಯಲ್‌ಪೋರ್ಟ್ ಅನ್ನುವ ಕ್ಲಾಸ್ ಕೊಟ್ಟಿತು. ಅದಕ್ಕೆ ಡೇಟಾರಿಸೀವ್ಡ್ ಅಂತ ಒಂದು ಇವೆಂಟ್ ಇದೆ, ಅಕ್ಷರಗಳು ಬಂದಾಗ ನಾವು ಬರೆದ ಕೋಡನ್ನು ಕರೆಯುತ್ತದೆ. ಫಾರ್ಮ್ ಮೇಲೆ ಎಳೆದು ಹಾಕಿ, ಡಬಲ್ ಕ್ಲಿಕ್ ಮಾಡಿದರೆ ಬಟನ್ ಇವೆಂಟ್ ಥರವೇ ಕಾಣುತ್ತದೆ. ಆದರೆ ಬಟನ್ ಥರ ಅಲ್ಲ. ಅದು ಬರುವುದು ಬೇರೆ ಥ್ರೆಡ್‌ನಲ್ಲಿ. ಅಂದರೆ ನೀವು ಥ್ರೆಡ್ ಅನ್ನುವ ಪದವನ್ನೇ ಟೈಪ್ ಮಾಡದಿದ್ದರೂ ನಿಮ್ಮ ಪ್ರೋಗ್ರಾಂನಲ್ಲಿ ಎರಡು ಥ್ರೆಡ್ ಓಡುತ್ತಿರುತ್ತವೆ.

ಆ ಇವೆಂಟ್ ಒಳಗೆ ತೂಕದ ಲೇಬಲ್‌ಗೆ ನೇರವಾಗಿ ಬರೆದರೆ, ನಾವು ಕೋಡ್ ಬರೆಯುವ ವಿಷುಯಲ್ ಸ್ಟುಡಿಯೋದಲ್ಲಿ ಎಕ್ಸೆಪ್ಶನ್, ಅಂದರೆ ಓಡುತ್ತಿರುವಾಗಿನ ತಪ್ಪಿನ ಸೂಚನೆ, ಬರುತ್ತದೆ. ಈ ಕಂಟ್ರೋಲ್ ಹುಟ್ಟಿದ ಥ್ರೆಡ್ ಬೇರೆ, ಮುಟ್ಟುತ್ತಿರುವ ಥ್ರೆಡ್ ಬೇರೆ ಅಂತ. ಇಲ್ಲಿ ಒಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. ಈ ತಪಾಸಣೆ ನಡೆಯುವುದು ಡಿಬಗರ್ (ತಪ್ಪು ಹುಡುಕುವ ಸಾಧನ) ಹಾಕಿ ಓಡಿಸಿದಾಗ ಮಾತ್ರ. ಮಿಲ್‌ನಲ್ಲಿ ಡಿಬಗರ್ ಇಲ್ಲದೆ ಅದೇ ಫೈಲ್ ಓಡಿಸಿದರೆ ಆ ಎಕ್ಸೆಪ್ಶನ್ ಬರುವುದಿಲ್ಲ. ಬಹಳ ಸಲ ತೂಕ ಸರಿಯಾಗಿಯೇ ಕಾಣುತ್ತದೆ. ಯಾವಾಗಲೋ ಒಮ್ಮೆ ಲೇಬಲ್ ಅರ್ಧ ಬಿಡಿಸಿಕೊಂಡು ನಿಲ್ಲುತ್ತದೆ, ಇಲ್ಲವೇ ಇಡೀ ಫಾರ್ಮ್ ಹ್ಯಾಂಗ್ ಆಗುತ್ತದೆ. ಎಕ್ಸೆಪ್ಶನ್ ಕಾಟ ತಪ್ಪಿಸಿಕೊಳ್ಳಲು ಆ ತಪಾಸಣೆಯನ್ನೇ ಆಫ್ ಮಾಡುವ ಒಂದು ಸಾಲು ಕೋಡ್ ಇದೆ. ಅದನ್ನು ಹಾಕಿರುವ ಪ್ರೋಗ್ರಾಂ ನನ್ನ ಕೈಗೆ ಬಂದರೆ ಮೊದಲು ಆ ಸಾಲು ಅಳಿಸುತ್ತೇನೆ. ಚೆಕ್‌ಫಾರ್‌ಇಲ್ಲೀಗಲ್‌ಕ್ರಾಸ್‌ಥ್ರೆಡ್‌ಕಾಲ್ಸ್ ಅಂತ ಅದರ ಹೆಸರು. ನಾನು ಪರೀಕ್ಷೆಗೆ ಕೊಡುವ ಬಿಲ್ಡ್‌ನಲ್ಲಿ ಅದನ್ನು ಉಲ್ಟಾ ಮಾಡುತ್ತೇನೆ. ಡಿಬಗರ್ ಇರಲಿ ಬಿಡಲಿ, ಆನ್ ಇರಲೇಬೇಕು.

ಎಕ್ಸೆಪ್ಶನ್ ಬಂದಾಗ ಹುಡುಕಿದರೆ ಮೊದಲು ಸಿಗುವ ಉತ್ತರ ಇನ್‌ವೋಕ್. ಲೇಬಲ್ ಬದಲಿಸುವ ಕೋಡನ್ನು ಇನ್‌ವೋಕ್‌ಗೆ ಕೊಟ್ಟರೆ ಅದು ಪರದೆಯ ಥ್ರೆಡ್‌ನ ಸಾಲಿಗೆ ಸೇರುತ್ತದೆ, ಪರದೆಯ ಥ್ರೆಡ್ಡೇ ಅದನ್ನು ನಡೆಸುತ್ತದೆ. ಸರಿಯೇ. ಆದರೆ ಇನ್‌ವೋಕ್ ಕರೆದ ಥ್ರೆಡ್ ಅಲ್ಲಿಯವರೆಗೂ ಕಾಯುತ್ತಾ ನಿಂತಿರುತ್ತದೆ. ಅದರ ತಂಗಿ ಬಿಗಿನ್‌ಇನ್‌ವೋಕ್ ಹಾಗಲ್ಲ. ಸಾಲಿಗೆ ಹಾಕಿ ತನ್ನ ದಾರಿ ಹಿಡಿಯುತ್ತದೆ. ಇಷ್ಟೇ ವ್ಯತ್ಯಾಸ, ಏನಾಗುತ್ತದೆ ಅಂತೀರಾ? ಕಾಟಾ ಸಾಫ್ಟ್‌ವೇರ್‌ಗಳಲ್ಲಿ ನಾನು ಜಾಸ್ತಿ ನೋಡಿರುವ ಹ್ಯಾಂಗ್ ಇದರಿಂದಲೇ ಆಗಿದ್ದು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸಂಜೆ ಕಾಟಾ ಮುಚ್ಚುವ ಹೊತ್ತು. ಆಪರೇಟರ್ ಮೇಲಿನ ಮೂಲೆಯ ಗುಣಾಕಾರ ಚಿಹ್ನೆ ಒತ್ತುತ್ತಾನೆ. ಫಾರ್ಮ್ ಮುಚ್ಚುವ ಕೋಡ್ ಪರದೆಯ ಥ್ರೆಡ್‌ನಲ್ಲಿ ಶುರುವಾಗಿ, ಸೀರಿಯಲ್ ಪೋರ್ಟ್‌ನ ಕ್ಲೋಸ್ ಕರೆಯುತ್ತದೆ. ಅದೇ ಕ್ಷಣದಲ್ಲಿ ಇಂಡಿಕೇಟರ್‌ನಿಂದ ಒಂದು ರೀಡಿಂಗ್ ಬಂದಿರುತ್ತದೆ. ಸೆಕೆಂಡಿಗೆ 60 ಬರುವಾಗ ಒಂದಲ್ಲ ಒಂದು ಸಂಜೆ ಹೀಗೆ ಆಗಲೇಬೇಕು, ಅಲ್ವಾ? ಆ ರೀಡಿಂಗ್ ಹಿಡಿದ ಹಿನ್ನೆಲೆ ಥ್ರೆಡ್ ಇನ್‌ವೋಕ್ ಕರೆದು, ಪರದೆಯ ಥ್ರೆಡ್ ಬಿಡುವಾಗಲಿ ಅಂತ ಕಾಯುತ್ತದೆ. ಪರದೆಯ ಥ್ರೆಡ್ ಕ್ಲೋಸ್ ಒಳಗಿದೆ. ಕ್ಲೋಸ್ ಏನು ಮಾಡುತ್ತಿದೆ? ನಡೆಯುತ್ತಿರುವ ಡೇಟಾರಿಸೀವ್ಡ್ ಮುಗಿಯಲಿ ಅಂತ ಕಾಯುತ್ತಿದೆ. ಇವನಿಗೆ ಅವನು ಮುಗಿಸಬೇಕು, ಅವನಿಗೆ ಇವನು ಬಿಡುವಾಗಬೇಕು. ಡೆಡ್‌ಲಾಕ್. ಪ್ರತಿ ಸಂಜೆ ಆಗುವುದಿಲ್ಲ, ಕೆಲವು ಸಂಜೆ ಆಗುತ್ತದೆ. ಹಾಗಾಗಿ ಬರೆದವರ ಟೇಬಲ್ ಮೇಲೆ ಕಾಣುವುದಿಲ್ಲ, ಮಿಲ್‌ನಲ್ಲಿ ಕಾಣುತ್ತದೆ. ಇವೆಂಟ್‌ನಿಂದ ಹ್ಯಾಂಡ್ಲರ್ (ಅದು ಕರೆಯುವ ನಮ್ಮ ಕೋಡ್) ಕಿತ್ತುಹಾಕಿ ಆಮೇಲೆ ಕ್ಲೋಸ್ ಕರೆದರೂ ಸಾಲದು, ಯಾಕೆಂದರೆ ಆಗಲೇ ಒಳಗೆ ನಡೆಯುತ್ತಿರುವ ಹ್ಯಾಂಡ್ಲರ್ ನಡೆಯುತ್ತಲೇ ಇರುತ್ತದೆ. ಇನ್‌ವೋಕ್ ಜಾಗದಲ್ಲಿ ಬಿಗಿನ್‌ಇನ್‌ವೋಕ್ ಹಾಕಿದರೆ ಗಂಟು ಬಿಚ್ಚುತ್ತದೆ. ಹಿನ್ನೆಲೆ ಥ್ರೆಡ್ ಕಾಯುವುದಿಲ್ಲ, ಹ್ಯಾಂಡ್ಲರ್ ಮುಗಿಯುತ್ತದೆ, ಕ್ಲೋಸ್ ಮುಗಿಯುತ್ತದೆ.

ಹಾಗಂತ ಬಿಗಿನ್‌ಇನ್‌ವೋಕ್ ಸರ್ವರೋಗಕ್ಕೂ ಮದ್ದಲ್ಲ. ಅದು ಕಾಯುವುದಿಲ್ಲ ಅಂದ ಮೇಲೆ ಎಷ್ಟು ಬೇಕಾದರೂ ಸುರಿಯಬಹುದು. ಇಲ್ಲಿ ವಿಂಡೋಸ್ ಮೆಸೇಜ್ ಸಾಲಿನ ಒಂದು ಗುಣ ತಿಳಿದಿರಬೇಕು. ಪೋಸ್ಟ್ ಮಾಡಿದ, ಅಂದರೆ ಬಿಗಿನ್‌ಇನ್‌ವೋಕ್ ಥರ ಕೋಡ್ ಸಾಲಿಗೆ ಹಾಕಿದ, ಮೆಸೇಜ್‌ಗಳಿಗೆ ಮೊದಲ ಸರದಿ. ಮೌಸ್, ಕೀಬೋರ್ಡ್ ಅವುಗಳ ಹಿಂದೆ. ವಿಂಡೋ ಬಿಡಿಸುವ ಮೆಸೇಜ್ ಅದಕ್ಕೂ ಹಿಂದೆ, ಟೈಮರ್ ಎಲ್ಲಕ್ಕಿಂತ ಹಿಂದೆ. ಹಿನ್ನೆಲೆ ಥ್ರೆಡ್ ಬಿಡುವೇ ಕೊಡದೆ ಪೋಸ್ಟ್ ಮಾಡುತ್ತಿದ್ದರೆ ಕ್ಲಿಕ್‌ಗೂ ಸರದಿ ಬರುವುದಿಲ್ಲ, ಬಿಡಿಸುವುದಕ್ಕೂ ಬರುವುದಿಲ್ಲ. ಕೆಲಸವನ್ನೆಲ್ಲ ಹಿನ್ನೆಲೆಗೆ ಹಾಕಿದ್ದೇನೆ, ಆದರೂ ಪರದೆ ಸತ್ತಂತಿದೆ ಅಂತ ಜನ ತಲೆ ಚಚ್ಚಿಕೊಳ್ಳುವುದು ಇದಕ್ಕೇ. ಸುಗ್ಗಿಯ ಎಲ್ಲ ಚೀಟಿ ಲೆಕ್ಕ ಹಾಕುವ ರಿಪೋರ್ಟ್‌ನಲ್ಲಿ ಒಂದೊಂದು ಚೀಟಿಗೂ ಪ್ರೋಗ್ರೆಸ್ ಬಾರ್ ಸರಿಸಿದರೆ ಹೀಗೇ ಆಗುತ್ತದೆ. ಬಾರ್‌ನಲ್ಲಿ ಇರುವುದು 100 ಹೆಜ್ಜೆ. ಶೇಕಡಾ ಬದಲಾದಾಗ ಮಾತ್ರ ಸುದ್ದಿ ಕಳಿಸಿದರೆ ಸಾಕು.

ತೂಕದ ಲೇಬಲ್‌ಗೆ ನಾನು ಈಗ ಬಿಗಿನ್‌ಇನ್‌ವೋಕನ್ನೂ ಬಳಸುವುದಿಲ್ಲ. ಸೆಕೆಂಡಿಗೆ 60 ಸಲ ಬದಲಾಗುವ ಅಂಕಿಯನ್ನು ಯಾವ ಕಣ್ಣೂ ಓದಲಾರದು. ಹಿನ್ನೆಲೆ ಥ್ರೆಡ್ ಪ್ರತಿ ರೀಡಿಂಗನ್ನೂ ಓದಿ, ಇತ್ತೀಚಿನದನ್ನು ಒಂದು ಜಾಗದಲ್ಲಿ ಇಡುತ್ತದೆ ಅಷ್ಟೇ. ಪರದೆಯ ಕಡೆ ಒಂದು ಟೈಮರ್ 100 ಮಿಲಿಸೆಕೆಂಡಿಗೊಮ್ಮೆ ಎದ್ದು, ಆ ಜಾಗ ನೋಡಿ ಲೇಬಲ್ ಬದಲಿಸುತ್ತದೆ. ಹಿನ್ನೆಲೆಯವನು ಪರದೆಯ ಹೆಸರೂ ಎತ್ತುವುದಿಲ್ಲ. ತಳ್ಳುವುದರ ಬದಲು ಎಳೆದುಕೊಳ್ಳುವುದು. ಸುದ್ದಿ ಎಷ್ಟು ವೇಗವಾಗಿ ಬಂದರೂ ಪರದೆಯ ಮೇಲೆ ಭಾರ ಬೀಳುವುದಿಲ್ಲ.

ಟೈಮರ್ ಆರಿಸುವಾಗ ಜೋಪಾನ. ಡಾಟ್‌ನೆಟ್‌ನಲ್ಲಿ ಒಂದೇ ಹೆಸರಿನ ಹಲವು ಟೈಮರ್‌ಗಳಿವೆ. ವಿಂಡೋಸ್ ಫಾರ್ಮ್ಸ್ ಒಳಗಿನ ಟೈಮರ್ ಪರದೆಯ ಥ್ರೆಡ್‌ನಲ್ಲೇ ಬರುತ್ತದೆ. ಥ್ರೆಡಿಂಗ್ ಒಳಗಿನದು ಥ್ರೆಡ್ ಪೂಲ್‌ನಲ್ಲಿ, ಅಂದರೆ ಡಾಟ್‌ನೆಟ್ ಸಿದ್ಧವಾಗಿಟ್ಟ ಹಿನ್ನೆಲೆ ಥ್ರೆಡ್‌ಗಳ ಗುಂಪಿನಲ್ಲಿ, ಬರುತ್ತದೆ. ಟೈಮರ್ಸ್ ಒಳಗಿನದೂ, ಬೇರೆ ಏನೂ ಹೇಳದಿದ್ದರೆ, ಹಾಗೇ. ನಮಗೆ ಬೇಕಿರುವುದು ಮೊದಲನೆಯದು.

'ಒಂದು ಜಾಗದಲ್ಲಿ ಇಡುತ್ತದೆ' ಅಂತ ಸುಮ್ನೆ ಹೇಳಿಬಿಟ್ಟೆ. ಅದರೊಳಗೂ ಒಂದು ಸೂಕ್ಷ್ಮ ಇದೆ. ಆ ಜಾಗ ಡೆಸಿಮಲ್, ಅಂದರೆ ದಶಮಾಂಶ ಸಂಖ್ಯೆಯ ಬಗೆ, ಆಗಿದ್ದರೆ? ಡೆಸಿಮಲ್ 16 ಬೈಟ್‌ನದು. ಅದನ್ನು ಪ್ರೊಸೆಸರ್ ಒಂದೇ ಏಟಿಗೆ ಬರೆಯುತ್ತದೆ ಅನ್ನುವ ಭರವಸೆ ಇಲ್ಲ. ಹಿನ್ನೆಲೆ ಥ್ರೆಡ್ ಅರ್ಧ ಬರೆದಿರುವಾಗ ಪರದೆಯ ಥ್ರೆಡ್ ಓದಿದರೆ ಹಳೆಯ ತೂಕದ ಅರ್ಧ, ಹೊಸ ತೂಕದ ಅರ್ಧ ಸೇರಿ ಎಲ್ಲೂ ಇಲ್ಲದ ಮೂರನೇ ತೂಕ ಬರಬಹುದು. ಅಪರೂಪ ನಿಜ. ಆದರೆ ಬೇರೆಯವರ ದುಡ್ಡಿನ ವಿಷಯದಲ್ಲಿ ಅಪರೂಪಕ್ಕೂ ಹಾಗಾಗಬಾರದು. ಕಿಲೋ ಲೆಕ್ಕದಲ್ಲಿ ಪೂರ್ಣಾಂಕ ಇಟ್ಟರೆ, ಅಂದರೆ 32 ಬಿಟ್ ಇಂಟ್, ಈ ತೊಂದರೆ ಇಲ್ಲ. ನನಗೆ ಇನ್ನೂ ಒಳ್ಳೆಯದು ಅನಿಸುವುದು ಒಂದು ಚಿಕ್ಕ ಕ್ಲಾಸ್. ಅದರಲ್ಲಿ ತೂಕ, ಅದು ಸ್ಥಿರವಾಗಿದೆಯೋ ಇಲ್ಲವೋ ಅನ್ನುವುದು, ಬಂದ ಹೊತ್ತು, ಈ ಮೂರೇ. ಒಮ್ಮೆ ಮಾಡಿದ ಮೇಲೆ ಬದಲಾಗುವುದಿಲ್ಲ. ಪ್ರತಿ ರೀಡಿಂಗ್‌ಗೂ ಹೊಸ ಆಬ್ಜೆಕ್ಟ್ ಮಾಡಿ, ವೊಲಟೈಲ್ ಫೀಲ್ಡ್‌ಗೆ (ಒಂದು ಥ್ರೆಡ್ ಬರೆದದ್ದು ಇನ್ನೊಂದಕ್ಕೆ ಕಾಣುವಂತೆ ಗುರುತು ಹಾಕಿದ ಜಾಗ) ಅದರ ರೆಫರೆನ್ಸ್, ಅಂದರೆ ಆಬ್ಜೆಕ್ಟಿನ ವಿಳಾಸ, ಹಾಕುವುದು. ರೆಫರೆನ್ಸ್ ಬದಲಾಗುವುದು ಒಂದೇ ಏಟಿಗೆ. ಓದುವವನಿಗೆ ಹಳೆಯದು ಪೂರ್ತಿ ಸಿಗುತ್ತದೆ, ಇಲ್ಲವೇ ಹೊಸದು ಪೂರ್ತಿ. ನಡುವಿನದು ಇಲ್ಲ.

ಬಂದ ಹೊತ್ತು ಯಾಕೆ ಬೇಕು? ಇದು ನನಗೆ ಎಲ್ಲಕ್ಕಿಂತ ಮುಖ್ಯ. ಕೇಬಲ್ ಸಡಿಲವಾಯಿತು, ಇಲಿ ಕಡಿಯಿತು, ಇಂಡಿಕೇಟರ್‌ನ ಕರೆಂಟ್ ಹೋಯಿತು ಅಂದುಕೊಳ್ಳಿ. ರೀಡಿಂಗ್ ನಿಲ್ಲುತ್ತದೆ. ಲೇಬಲ್ ಮೇಲೆ ಹಿಂದಿನ ಗಾಡಿಯ ತೂಕ ಹಾಗೇ ಕೂತಿರುತ್ತದೆ. ಪರದೆ ಚೆನ್ನಾಗಿಯೇ ಇದೆ, ಮೌಸ್ ಓಡುತ್ತದೆ, ಬಟನ್ ಒತ್ತಿದರೆ ಚೀಟಿ ಬರುತ್ತದೆ. ಮುಂದಿನ ಗಾಡಿಗೆ ಹಿಂದಿನವರ ತೂಕ ಬಿತ್ತು. ಹ್ಯಾಂಗ್ ಆದರೆ ಆಪರೇಟರ್‌ಗೆ ಕನಿಷ್ಠ ಗೊತ್ತಾಗುತ್ತದೆ, ಇಲ್ಲಿ ಗೊತ್ತೇ ಆಗುವುದಿಲ್ಲ. ಅದಕ್ಕೆ ಟೈಮರ್ ಪ್ರತಿ ಸಲ ನೋಡುತ್ತದೆ: ಈ ರೀಡಿಂಗ್ 2 ಸೆಕೆಂಡಿಗಿಂತ ಹಳೆಯದಾ? ಹೌದಾದರೆ ಅಂಕಿ ಅಳಿಸಿ ಕೆಂಪಿನಲ್ಲಿ 'ಸಿಗ್ನಲ್ ಇಲ್ಲ' ಅಂತ ತೋರಿಸಿ, ಸೇವ್ ಬಟನ್ ಮುಚ್ಚುತ್ತದೆ. ಹೊತ್ತು ಅಳೆಯಲು ಗೋಡೆ ಗಡಿಯಾರದ ಸಮಯ ಬೇಡ, ಸ್ಟಾಪ್‌ವಾಚ್ ಕ್ಲಾಸ್ ಬಳಸಿ. ಕಾಟಾ ರೂಮಿನ ಕಂಪ್ಯೂಟರುಗಳಲ್ಲಿ ಬೋರ್ಡ್ ಬ್ಯಾಟರಿ ಸತ್ತು ತಾರೀಕು ಹಿಂದಕ್ಕೆ ಹೋಗುವುದು, ಯಾರೋ ಬಂದು ಸರಿ ಮಾಡುವುದು ಮಾಮೂಲು.

ಇನ್ನೊಂದು: ಒಂದು ರೀಡಿಂಗ್ ಪೂರ್ತಿ ಒಂದೇ ಸಲ ಬರುತ್ತದೆ ಅಂತ ನಂಬಬೇಡಿ. 24560 ಕಿಲೋ ಅನ್ನುವುದು ಒಂದು ಇವೆಂಟ್‌ನಲ್ಲಿ 24, ಇನ್ನೊಂದರಲ್ಲಿ 560 ಅಂತ ಒಡೆದು ಬರಬಹುದು. ಪ್ರತಿ ಇವೆಂಟ್‌ನಲ್ಲಿ ಬಂದಷ್ಟನ್ನೂ ಒಂದು ಬಫರ್‌ಗೆ (ತಾತ್ಕಾಲಿಕ ಸಂಗ್ರಹ) ಸೇರಿಸಿ, ಕೊನೆಯ ಗುರುತು ಸಿಕ್ಕ ಮೇಲೆಯೇ ಬಿಡಿಸಿ ನೋಡಬೇಕು. ಕಾಟಾ ಸ್ಥಿರವಾಯಿತೋ ಇಲ್ಲವೋ ಅನ್ನುವುದನ್ನೂ ಹಿನ್ನೆಲೆಯಲ್ಲೇ, ಎಲ್ಲ ರೀಡಿಂಗ್ ಇಟ್ಟುಕೊಂಡು ತೀರ್ಮಾನಿಸಬೇಕು. ಪರದೆಗೆ ಆರರಲ್ಲಿ ಒಂದು ಮಾತ್ರ ಮುಟ್ಟುತ್ತದೆ, ಅದನ್ನು ನಂಬಿ ತೀರ್ಮಾನ ಮಾಡಲಾಗದು. ಹಾಗೇ, ಚೀಟಿಗೆ ತೂಕ ತೆಗೆದುಕೊಳ್ಳುವಾಗ ಲೇಬಲ್‌ನ ಪಠ್ಯ ಓದಿ ಅದನ್ನು ಮತ್ತೆ ಸಂಖ್ಯೆ ಮಾಡುವ ಕೋಡ್ ಕಂಡರೆ ನನಗೆ ಸಂಕಟವಾಗುತ್ತದೆ. ಲೇಬಲ್ ಇರುವುದು ಮನುಷ್ಯ ನೋಡಲಿಕ್ಕೆ. ತೂಕ ಬೇಕಿದ್ದರೆ ಆ ಚಿಕ್ಕ ಆಬ್ಜೆಕ್ಟನ್ನು ಒಮ್ಮೆ ಹಿಡಿದುಕೊಂಡು ಡೇಟಾಬೇಸ್‌ಗೂ ಚೀಟಿಗೂ ಅದರಿಂದಲೇ ಕೊಡಿ.

ಸೀರಿಯಲ್ ಪೋರ್ಟ್‌ನಿಂದ ಒಂದು ಸಾಲು ಓದುವ ರೀಡ್‌ಲೈನ್ ಅನ್ನು ಪರದೆಯ ಥ್ರೆಡ್‌ನಲ್ಲಿ ಕರೆಯುವವರೂ ಇದ್ದಾರೆ. ಬಟನ್ ಒತ್ತಿದಾಗ ಒಂದು ಸಾಲು ಓದಿದರಾಯಿತು, ಥ್ರೆಡ್ ತಲೆನೋವೇ ಬೇಡ ಅಂತ. ಅದರ ಟೈಮ್‌ಔಟ್ ಸುಮ್ನೆ ಬಿಟ್ಟರೆ ಅನಂತ. ಕೇಬಲ್ ಕಿತ್ತಿದ್ದರೆ ಆ ಸಾಲು ಬರುವುದೇ ಇಲ್ಲ, ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ಗಾಡಿಯ ಫೋಟೋ ತೆಗೆಯುವ ಕ್ಯಾಮೆರಾ ಇಟ್ಟಿರುವ ಕಡೆ ಇದೇ ಕಥೆ ಬೇರೆ ರೂಪದಲ್ಲಿ. ಕ್ಯಾಮೆರಾದ ವಿಳಾಸಕ್ಕೆ ಹೋಗಿ ಚಿತ್ರ ತರಲು ಎಚ್‌ಟಿಟಿಪಿಕ್ಲೈಂಟ್ ಅನ್ನುವ ಡಾಟ್‌ನೆಟ್ ಕ್ಲಾಸ್ ಬಳಸುತ್ತಾರೆ. ಅದು ತಾನಾಗಿ ಕಾಯುವುದು 100 ಸೆಕೆಂಡ್. ಕ್ಯಾಮೆರಾ ಉತ್ತರ ಕೊಡದೆ ನಿಂತಿದ್ದು, ಆ ಕೋಡ್ ಪರದೆಯ ಥ್ರೆಡ್ ಹಿಡಿದು ಕೂತರೆ ಒಂದೊಂದು ಗಾಡಿಗೂ ಒಂದೂವರೆ ನಿಮಿಷಕ್ಕಿಂತ ಜಾಸ್ತಿ ಹೋಗಬಹುದು. ನಾನು 3 ಸೆಕೆಂಡ್ ಇಡುತ್ತೇನೆ. ಫೋಟೋ ಸಿಗದಿದ್ದರೆ ಚೀಟಿ ಫೋಟೋ ಇಲ್ಲದೇ ಹೋಗಲಿ, ರೈತ ನಿಲ್ಲಬಾರದು.

ಹಳೆಯ ವಿಬಿ 6 (ವಿಷುಯಲ್ ಬೇಸಿಕ್) ಕಾಲದಿಂದ ಬಂದ ಒಂದು ಉಪಾಯ ಇನ್ನೂ ಸತ್ತಿಲ್ಲ: ಡೂಇವೆಂಟ್ಸ್. ಉದ್ದದ ಲೂಪ್ ನಡುವೆ ಅದನ್ನು ಕರೆದರೆ ಸಾಲಿನಲ್ಲಿರುವ ಮೆಸೇಜ್‌ಗಳು ಅಲ್ಲಿಯೇ ನಡೆದು ಪರದೆ ಜೀವಂತ ಕಾಣುತ್ತದೆ. ಒಂದೇ ಥ್ರೆಡ್, ಡೆಡ್‌ಲಾಕ್ ಭಯ ಇಲ್ಲ. ಹಾಗಾಗಿ ಜನ ಇಷ್ಟಪಡುತ್ತಾರೆ. ಆದರೆ ಸಾಲಿನಲ್ಲಿರುವ ಮೆಸೇಜ್‌ಗಳಲ್ಲಿ ಸೇವ್ ಬಟನ್‌ನ ಎರಡನೇ ಕ್ಲಿಕ್ಕೂ ಇರಬಹುದು. ಮೊದಲ ಸೇವ್ ಅರ್ಧದಲ್ಲಿದೆ, ಅದರ ಹೊಟ್ಟೆಯೊಳಗೇ ಎರಡನೇ ಸೇವ್ ಶುರುವಾಗಿ ಮುಗಿದೂ ಹೋಗುತ್ತದೆ. ಒಂದೇ ಗಾಡಿಗೆ ಎರಡು ಚೀಟಿ. ಡೂಇವೆಂಟ್ಸ್ ಹಾಕಿದ ಹಳೇ ಪ್ರೋಗ್ರಾಂಗಳಲ್ಲಿ ಡಬಲ್ ಎಂಟ್ರಿ ದೂರು ಬಂದರೆ ನಾನು ಮೊದಲು ಹುಡುಕುವುದು ಇದನ್ನೇ.

ರಿಪೋರ್ಟ್, ಬ್ಯಾಕಪ್ ಥರದ ಉದ್ದದ ಕೆಲಸಗಳಿಗೆ 2005ರಲ್ಲೇ ಬ್ಯಾಕ್‌ಗ್ರೌಂಡ್‌ವರ್ಕರ್ ಬಂತು. ಅದರಲ್ಲಿ ಡೂವರ್ಕ್ ಹಿನ್ನೆಲೆಯಲ್ಲಿ ನಡೆಯುತ್ತದೆ, ಪ್ರೋಗ್ರೆಸ್‌ಚೇಂಜ್ಡ್ ಮತ್ತು ರನ್‌ವರ್ಕರ್‌ಕಂಪ್ಲೀಟೆಡ್ ಪರದೆಯ ಥ್ರೆಡ್‌ಗೆ ಬರುತ್ತವೆ. ಒಳ್ಳೆಯ ವ್ಯವಸ್ಥೆ, ಈಗಲೂ ನಡೆಯುತ್ತದೆ. ಒಂದು ಎಚ್ಚರ: ಡೂವರ್ಕ್ ಒಳಗೆ ಎಕ್ಸೆಪ್ಶನ್ ಬಂದರೆ ಅದು ಕಂಪ್ಲೀಟೆಡ್‌ನ ಎರರ್ ಒಳಗೆ ಸದ್ದಿಲ್ಲದೆ ಕೂತಿರುತ್ತದೆ. ಅದನ್ನು ನೋಡದಿದ್ದರೆ ಬ್ಯಾಕಪ್ ಆಗದೆಯೂ 'ಬ್ಯಾಕಪ್ ಮುಗಿಯಿತು' ಅಂತ ತೋರಿಸುತ್ತೀರಿ.

2012ರಲ್ಲಿ ಸಿ ಶಾರ್ಪ್ 5 ಜೊತೆ ಅಸಿಂಕ್, ಅವೇಟ್ (ಥ್ರೆಡ್ ಹಿಡಿದಿಡದೆ ಕೆಲಸ ಮುಗಿಯುವುದನ್ನು ಕಾಯುವ ಪದಗಳು) ಬಂದಮೇಲೆ ಬರೆಯುವುದು ಬಹಳ ಸುಲಭವಾಯಿತು. ಬಟನ್ ಕೋಡ್‌ನಲ್ಲಿ ಬಟನ್ ಮುಚ್ಚು, ಹಿನ್ನೆಲೆಯಲ್ಲಿ ಕೆಲಸ ನಡೆಸುವ ಟಾಸ್ಕ್‌ರನ್ ಒಳಗೆ ರಿಪೋರ್ಟ್ ಲೆಕ್ಕ ಹಾಕು, ಅದಕ್ಕೆ ಅವೇಟ್ ಹಾಕು, ಬಂದ ಉತ್ತರವನ್ನು ಗ್ರಿಡ್‌ಗೆ ಕೊಡು, ಬಟನ್ ತೆರೆ. ಮೇಲಿನಿಂದ ಕೆಳಗೆ ಓದಿದರೆ ಸಾದಾ ಕೋಡ್. ಅವೇಟ್ ಆದಮೇಲಿನ ಸಾಲುಗಳು ಪರದೆಯ ಥ್ರೆಡ್‌ನಲ್ಲೇ ನಡೆಯುತ್ತವೆ, ಯಾಕೆಂದರೆ ವಿಂಡೋಸ್ ಫಾರ್ಮ್ಸ್ ತನ್ನ ಥ್ರೆಡ್ ಮೇಲೆ ಒಂದು ಸಿಂಕ್ರೊನೈಸೇಶನ್ ಕಾಂಟೆಕ್ಸ್ಟ್, ಅಂದರೆ ಆ ಥ್ರೆಡ್‌ಗೆ ವಾಪಸ್ ಬರುವ ದಾರಿ, ಇಟ್ಟಿರುತ್ತದೆ, ಅವೇಟ್ ಹೊರಡುವ ಮುಂಚೆ ಅದನ್ನು ನೆನಪಿಟ್ಟುಕೊಂಡು ಅದರ ಮೂಲಕವೇ ವಾಪಸ್ ಬರುತ್ತದೆ. ಕೆಲಸ ಎಷ್ಟಾಯಿತು ಅಂತ ಪರದೆಗೆ ತಿಳಿಸುವ ಪ್ರೋಗ್ರೆಸ್ ಕ್ಲಾಸ್ ಕೂಡ ಹಾಗೇ. ತಾನು ಹುಟ್ಟಿದ ಕಡೆಯ ಕಾಂಟೆಕ್ಸ್ಟ್ ಹಿಡಿಯುತ್ತದೆ. ಹಾಗಾಗಿ ಅದನ್ನು ಟಾಸ್ಕ್ ಒಳಗಲ್ಲ, ಹೊರಗೆ, ಬಟನ್ ಕೋಡ್‌ನಲ್ಲೇ ಹುಟ್ಟಿಸಬೇಕು.

ಅವೇಟ್ ಬರೆಯಲು ಬೇಸರಪಟ್ಟು ರಿಸಲ್ಟ್ ಅಂತಲೋ ವೇಟ್ ಅಂತಲೋ ಬರೆದರೆ ಮತ್ತೆ ಮೊದಲಿನ ಗಂಟೇ. ಪರದೆಯ ಥ್ರೆಡ್ ಟಾಸ್ಕ್ ಮುಗಿಯಲಿ ಅಂತ ಕಾಯುತ್ತದೆ. ಆ ಟಾಸ್ಕ್ ಪರದೆಯ ಥ್ರೆಡ್‌ನಲ್ಲೇ ಶುರುವಾದ ಅಸಿಂಕ್ ಕೋಡ್ ಆಗಿದ್ದರೆ, ಅದರೊಳಗಿನ ಅವೇಟ್ ಆದಮೇಲಿನ ಸಾಲುಗಳು ಪರದೆಯ ಥ್ರೆಡ್ ಬಿಡುವಾಗಲಿ ಅಂತ ಕಾಯುತ್ತವೆ. ಹೆಸರು ಬೇರೆ, ಸಂಜೆ ಕಾಟಾ ಮುಚ್ಚುವಾಗಿನ ಡೆಡ್‌ಲಾಕೇ ಇದು. ಪರದೆಯ ಥ್ರೆಡ್ ಯಾರಿಗಾಗಿಯೂ ಕಾಯಬಾರದು ಅನ್ನುವುದೊಂದನ್ನು ಬಿಗಿಯಾಗಿ ಹಿಡಿದರೆ ಇಲ್ಲಿ ಹೇಳಿದ ಮುಕ್ಕಾಲು ತೊಂದರೆಗಳು ಬರುವುದಿಲ್ಲ.

ಫಾರ್ಮ್ ಮುಚ್ಚುವ ಹೊತ್ತು ಇನ್ನೊಂದು ಕಷ್ಟದ ಜಾಗ. ಫಾರ್ಮ್ ಹೋಗಿದೆ, ಹಿನ್ನೆಲೆಯವನಿಗೆ ಗೊತ್ತಿಲ್ಲ. ಅವನು ಬಿಗಿನ್‌ಇನ್‌ವೋಕ್ ಕರೆದರೆ ಎಕ್ಸೆಪ್ಶನ್. ಇನ್‌ವೋಕ್ ಬೇಕಾ ಅಂತ ಹೇಳುವ ಇನ್‌ವೋಕ್‌ರಿಕ್ವೈರ್ಡ್ ಕೇಳಿ ನೋಡಿದರೂ ಮೋಸ, ಯಾಕೆಂದರೆ ವಿಂಡೋ ಹ್ಯಾಂಡಲ್ (ವಿಂಡೋಸ್ ಆ ವಿಂಡೋಗೆ ಕೊಟ್ಟ ಗುರುತು) ಇಲ್ಲದಾಗ ಅದು 'ಬೇಕಿಲ್ಲ' ಅಂತ ಉತ್ತರ ಕೊಡುತ್ತದೆ. ನಾನು ಮಾಡುವುದು ಹೀಗೆ. ಮುಚ್ಚು ಅಂದಾಗ, ಹಿನ್ನೆಲೆ ಕೆಲಸಕ್ಕೆ ನಿಲ್ಲು ಅನ್ನುವ ಕ್ಯಾನ್ಸಲ್ ಟೋಕನ್ ಎತ್ತುತ್ತೇನೆ, ಮುಚ್ಚುವುದನ್ನು ಸದ್ಯಕ್ಕೆ ತಡೆಯುತ್ತೇನೆ, 'ಮುಚ್ಚುತ್ತಿದೆ' ಅಂತ ತೋರಿಸುತ್ತೇನೆ, ಕೆಲಸ ನಿಂತ ಮೇಲೆ ನಿಜವಾಗಿ ಮುಚ್ಚುತ್ತೇನೆ. ಹಿನ್ನೆಲೆ ಥ್ರೆಡ್ಡನ್ನು ಬಲವಂತವಾಗಿ ಕೊಲ್ಲುವ ಅಬಾರ್ಟ್ ಕಡೆ ಹೋಗುವುದೇ ಇಲ್ಲ. ಹೊಸ ಡಾಟ್‌ನೆಟ್‌ನಲ್ಲಿ ಅದು ಕೆಲಸವೂ ಮಾಡುವುದಿಲ್ಲ.

2024ರ ಕೊನೆಗೆ ಬಂದ ಡಾಟ್‌ನೆಟ್ 9ರಲ್ಲಿ ವಿಂಡೋಸ್ ಫಾರ್ಮ್ಸ್‌ಗೆ ಇನ್‌ವೋಕ್‌ಅಸಿಂಕ್ ಸೇರಿಸಿದ್ದಾರೆ. ಪರದೆಯ ಥ್ರೆಡ್‌ಗೆ ಕೆಲಸ ಕೊಟ್ಟು, ಥ್ರೆಡ್ ಹಿಡಿದು ನಿಲ್ಲದೆ ಅವೇಟ್ ಮಾಡಬಹುದು. ಬಹಳ ವರ್ಷ ಕಾದ ಸೌಕರ್ಯ ಇದು. ಹಳೇ ತಂತ್ರ ಅಂತ ಎಲ್ಲರೂ ಬದಿಗಿಟ್ಟದ್ದನ್ನು ಯಾರೋ ಇನ್ನೂ ಕಾಳಜಿಯಿಂದ ಸುಧಾರಿಸುತ್ತಿದ್ದಾರೆ ಅನ್ನುವುದೇ ನನಗೆ ಸಂತೋಷ. ಹೊಸ ಮಿಲ್‌ಗಳಿಗೆ ಕೊಡುವ ಆವೃತ್ತಿಯಲ್ಲಿ ಇದನ್ನೇ ಬಳಸುತ್ತಿದ್ದೇನೆ. ಹಳೆಯ ವಿಂಡೋಸ್ 7 ಇರುವ ಕಡೆ ಇದು ಓಡುವುದಿಲ್ಲ, ಅಲ್ಲಿ ಡಾಟ್‌ನೆಟ್ ಫ್ರೇಮ್‌ವರ್ಕ್ ಮತ್ತು ಬಿಗಿನ್‌ಇನ್‌ವೋಕ್ ಮುಂದುವರಿಯುತ್ತವೆ.

ಇದನ್ನೆಲ್ಲ ಪರೀಕ್ಷೆ ಮಾಡಲು ಕಾಟಾ ಬೇಕಿಲ್ಲ. ಕಾಮ್‌0ಕಾಮ್ ಅಂತ ಉಚಿತ ಡ್ರೈವರ್ ಇದೆ, ಒಂದಕ್ಕೊಂದು ಜೋಡಿಸಿದ ಎರಡು ನಕಲಿ ಸೀರಿಯಲ್ ಪೋರ್ಟ್ ಮಾಡಿಕೊಡುತ್ತದೆ. ಒಂದು ಕಡೆ ಇಂಡಿಕೇಟರ್ ಥರ ತೂಕ ಸುರಿಯುವ ಚಿಕ್ಕ ಪ್ರೋಗ್ರಾಂ, ಇನ್ನೊಂದು ಕಡೆ ನಿಮ್ಮ ಸಾಫ್ಟ್‌ವೇರ್. ಸುರಿಯುವವನಿಗೆ ರೀಡಿಂಗನ್ನು ಬೇಕೆಂದೇ ಒಡೆದು ಕಳಿಸಲು ಹೇಳಿ. ನಡುನಡುವೆ ನಿಲ್ಲಿಸಿ, 'ಸಿಗ್ನಲ್ ಇಲ್ಲ' ಬರುತ್ತದಾ ನೋಡಿ. ಕ್ಯಾಮೆರಾದ ವಿಳಾಸಕ್ಕೆ ಯಾರೂ ಇಲ್ಲದ ಐಪಿ ಹಾಕಿ. ಸುರಿಯುತ್ತಿರುವಾಗಲೇ ಫಾರ್ಮನ್ನು ತೆರೆದು ಮುಚ್ಚುವ ಕೆಲಸವನ್ನು ಒಂದು ಸ್ಕ್ರಿಪ್ಟ್‌ಗೆ ಕೊಟ್ಟು ರಾತ್ರಿಯಿಡೀ ಓಡಲು ಬಿಡಿ. ಬೆಳಿಗ್ಗೆ ಅದು ಇನ್ನೂ ಓಡುತ್ತಿದ್ದರೆ ಮಿಲ್‌ಗೆ ತೆಗೆದುಕೊಂಡು ಹೋಗಬಹುದು. ನಿಂತಿದ್ದರೆ ಡಿಬಗರ್ ಜೋಡಿಸಿ ಥ್ರೆಡ್ಸ್ ವಿಂಡೋ ತೆಗೆಯಿರಿ. ಮೇನ್ ಥ್ರೆಡ್ ಯಾವ ಸಾಲಿನಲ್ಲಿ ಕಾಯುತ್ತಿದೆ ಅನ್ನುವುದು ಅಲ್ಲೇ ಕಾಣುತ್ತದೆ, ಅದರ ಎದುರಾಳಿ ಇನ್ನೆರಡು ಸಾಲು ಕೆಳಗೆ ಸಿಗುತ್ತಾನೆ.